ವ್ಯಾನಿನಲ್ಲಿ ಮನೆಯ ಫ್ರಿಜ್: ರಾತ್ರಿ ಎರಡಕ್ಕೆ ಇನ್ವರ್ಟರ್ ನಿಲ್ಲುತ್ತದೆ, ಇನ್ನೊಂದು ಬ್ಯಾಟರಿ ಬೇಕೇ?

ಜೇವರ್ಗಿ_ರಸ್ತೆ · ಏಪ್ರಿಲ್ 18, ರಾತ್ರಿ 9:40

ಎಲ್ಲರಿಗೂ ಶರಣಾರ್ಥಿಗಳು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾಗಿದ್ದೇನೆ. ಮಳಖೇಡ, ಸನ್ನತಿ, ಬಸವಕಲ್ಯಾಣ, ಬೀದರ್ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ಮನೆಯವರನ್ನು ಅವುಗಳಲ್ಲಿ ಒಂದಕ್ಕೂ ಕರೆದುಕೊಂಡು ಹೋಗಲು ಆಗಿರಲಿಲ್ಲ. ಕಳೆದ ವರ್ಷ ಹದಿನೇಳು ಸೀಟಿನ ಹಳೆಯ ವ್ಯಾನ್ ಕೊಂಡೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಸಾರಿಗೆ ಕಚೇರಿಯ ಅನುಮತಿ ಪಡೆದು ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ಒಲೆಕಟ್ಟೆ, ಒಂದು ನೀರಿನ ಟ್ಯಾಂಕ್ ಕೂರಿಸಿದ್ದೇನೆ.

ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಅದಕ್ಕಾಗಿ ಅಡುಗೆಮನೆಯಲ್ಲಿದ್ದ 183 ಲೀಟರಿನ ಒಂದೇ ಬಾಗಿಲಿನ ಫ್ರಿಜ್ಜನ್ನು ವ್ಯಾನಿಗೆ ಸಾಗಿಸಿದೆ. ಮನೆಯ ಇನ್ವರ್ಟರನ್ನೂ 150 ಎಎಚ್ ಟ್ಯೂಬುಲರ್ ಬ್ಯಾಟರಿಯನ್ನೂ ಅದಕ್ಕೇ ಜೋಡಿಸಿದೆ. ಮನೆಯ ಅಂಗಳದಲ್ಲಿ ನಿಲ್ಲಿಸಿ ಮೂರು ರಾತ್ರಿ ಪರೀಕ್ಷಿಸಿದ್ದೇನೆ. ಸಂಜೆ ಆರಕ್ಕೆ ಹಾಕಿದರೆ ರಾತ್ರಿ ಎರಡರ ಸುಮಾರಿಗೆ ಇನ್ವರ್ಟರ್ ಬೀಪ್ ಎಂದು ಕೂಗಿ ನಿಲ್ಲುತ್ತದೆ. ಕೂಡಿಸಿಕೊಟ್ಟವರು ಇನ್ನೊಂದು ಬ್ಯಾಟರಿ ಹಾಕಿಸಿ ಎನ್ನುತ್ತಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣವೆನಿಸಿತು.

ತೊಗರಿ_ಹೊಲ_ಆಳಂದ · ಏಪ್ರಿಲ್ 18, ರಾತ್ರಿ 10:05

ಗುರುಗಳೇ, ನಮ್ಮ ಹೊಲದ ಮನೆಯಲ್ಲಿ ಎರಡು ಬ್ಯಾಟರಿ ಇವೆ, ಫ್ರಿಜ್ ರಾತ್ರಿಯಿಡೀ ನಡೆಯುತ್ತದೆ. ಇನ್ನೊಂದು ಹಾಕಿಸಿಬಿಡಿ, ಚಿಂತೆ ಹೋಗುತ್ತದೆ.

ಯಾದಗಿರಿ_ವೈಂಡಿಂಗ್ · ಏಪ್ರಿಲ್ 18, ರಾತ್ರಿ 10:50

ಗುರುಗಳೇ, ದಯವಿಟ್ಟು ಇವತ್ತೇ ಬ್ಯಾಟರಿ ಕೊಳ್ಳಬೇಡಿ. ಹಳೆಯದರ ಜೊತೆ ಹೊಸದನ್ನು ಪ್ಯಾರಲಲ್ ಆಗಿ ಕಟ್ಟಿದರೆ ಹೊಸದು ಹಳೆಯದರ ಮಟ್ಟಕ್ಕೇ ಇಳಿಯುತ್ತದೆ. ಆಳಂದದ ಅಣ್ಣನವರು ಎರಡನ್ನೂ ಒಟ್ಟಿಗೆ ಕೊಂಡಿರಬೇಕು, ಆ ಮಾತು ಬೇರೆ.

ನಾನು ಯಾದಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತೇನೆ. ಸುಟ್ಟ ಫ್ರಿಜ್ ಕಂಪ್ರೆಸರುಗಳನ್ನು ಕಂಡು ಕಂಡು ನನಗೆ ಈ ವಿಷಯದಲ್ಲಿ ಕಾಳಜಿ ಹೆಚ್ಚು. ನನಗೆ ನಾಲ್ಕು ಸಂಗತಿ ಗೊತ್ತಾಗಬೇಕು. ಬೀಪ್ ಬರುವುದು ಕಂಪ್ರೆಸರ್ ನಡೆಯುತ್ತಿರುವಾಗಲೋ, ನಿಂತು ಮತ್ತೆ ಶುರುವಾಗುವ ಕ್ಷಣದಲ್ಲೋ? ಇನ್ವರ್ಟರ್ ನಿಂತ ಮೇಲೆ ಒಂದು ಗಂಟೆ ಬಿಟ್ಟು, ಯಾವ ಹೊರೆಯೂ ಇಲ್ಲದಿರುವಾಗ ಬ್ಯಾಟರಿಯ ವೋಲ್ಟೇಜ್ ಎಷ್ಟಿರುತ್ತದೆ? ಬ್ಯಾಟರಿಯಿಂದ ಇನ್ವರ್ಟರಿಗೆ ಎಷ್ಟು ದಪ್ಪದ, ಎಷ್ಟು ಉದ್ದದ ತಂತಿ ಎಳೆದಿದ್ದಾರೆ? ಇನ್ವರ್ಟರ್ ಮೇಲೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥ ನಯವಾದ ಅಲೆ) ಎಂದು ಬರೆದಿದೆಯೇ? ಇಷ್ಟನ್ನು ನೋಡಿ ಹೇಳಿ.

ಜೇವರ್ಗಿ_ರಸ್ತೆ · ಏಪ್ರಿಲ್ 20, ಬೆಳಗ್ಗೆ 7:15

ನಿನ್ನೆ ರಾತ್ರಿ ಫ್ರಿಜ್ ಎದುರಿಗೇ ಚಾಪೆ ಹಾಸಿಕೊಂಡು ಕುಳಿತಿದ್ದೆ. ಮೊಮ್ಮಗ ತನ್ನ ಪಾಲಿಟೆಕ್ನಿಕ್ಕಿನ ಮಲ್ಟಿಮೀಟರ್ ಕೊಟ್ಟಿದ್ದಾನೆ. ಹನ್ನೊಂದರವರೆಗೆ ಕಂಪ್ರೆಸರ್ ನಿಲ್ಲಲೇ ಇಲ್ಲ. ಆಮೇಲೆ ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಶುರುವಾಗುವುದು ನಡೆಯಿತು. ಪ್ರತಿ ಸಲ ಶುರುವಾಗುವಾಗ ಟಕ್ ಎಂಬ ಸದ್ದು, ಜೊತೆಗೆ ವ್ಯಾನಿನ ಸಣ್ಣ ಬಲ್ಬು ಕ್ಷಣಕಾಲ ಮಂಕಾಗುತ್ತಿತ್ತು. ಎರಡಕ್ಕೆ ಐದು ನಿಮಿಷವಿರುವಾಗ ಟಕ್ ಎಂದಿತು, ಬಲ್ಬು ಪೂರ್ತಿ ಇಳಿಯಿತು, ಬೀಪ್ ಬಂತು, ಎಲ್ಲ ನಿಂತಿತು. ನೀವು ಕೇಳಿದ ಹಾಗೆಯೇ, ಅದು ಶುರುವಾಗುವ ಕ್ಷಣದಲ್ಲಿಯೇ ಆದದ್ದು.

ಮೂರು ಗಂಟೆಗೆ ಬ್ಯಾಟರಿ ಅಳೆದಾಗ 12.1 ವೋಲ್ಟ್ ತೋರಿಸಿತು. ತಂತಿಯ ಮೇಲೆ 6 ಸ್ಕ್ವೇರ್ ಎಂಎಂ ಎಂದಿದೆ. ಬ್ಯಾಟರಿ ಹಿಂದಿನ ಮಂಚದ ಕೆಳಗೆ, ಇನ್ವರ್ಟರ್ ಚಾಲಕನ ಬೆನ್ನ ಹಿಂದೆ ಇವೆ, ನಡುವೆ ಮೂರು ಮೀಟರ್ ಇದೆ. ಸೈನ್ ವೇವ್ ಎಂದು ಎಲ್ಲಿಯೂ ಬರೆದಿಲ್ಲ. ಮನೆಯ ಕರೆಂಟಿನಲ್ಲಿ ಇಲ್ಲದ ಗುಂಯ್ ಎಂಬ ಸದ್ದು ಇದರ ಮೇಲೆ ಬರುತ್ತದೆ.

ಯಾದಗಿರಿ_ವೈಂಡಿಂಗ್ · ಏಪ್ರಿಲ್ 20, ಬೆಳಗ್ಗೆ 9:30

ರಾತ್ರಿ ನಿದ್ದೆಗೆಟ್ಟು ನೋಡಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ ಗುರುಗಳೇ. ರೋಗ ಸಿಕ್ಕಿತು. ವಿಶ್ರಾಂತಿಯಲ್ಲಿ 12.1 ವೋಲ್ಟ್ ಇದ್ದರೆ ಸೀಸದ ಬ್ಯಾಟರಿಯಲ್ಲಿ ಹೆಚ್ಚು ಕಡಿಮೆ ಅರ್ಧ ಶಕ್ತಿ ಉಳಿದಿದೆ ಎಂದರ್ಥ. ಬ್ಯಾಟರಿ ಖಾಲಿಯಾಗಿರಲಿಲ್ಲ. ಸೋತದ್ದು ತಂತಿ.

ಲೆಕ್ಕ ನೋಡಿ. ನಿಮ್ಮ ಫ್ರಿಜ್ ನಡೆಯುವಾಗ ಎಳೆಯುವುದು ಸುಮಾರು 100 ವ್ಯಾಟ್. ಸಾಮಾನ್ಯ ಕಂಪ್ರೆಸರ್ ಶುರುವಾಗುವಾಗ ಅರ್ಧ ಸೆಕೆಂಡಿನ ಮಟ್ಟಿಗೆ ಅದರ ಐದಾರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. 700 ವ್ಯಾಟ್ ಎಂದುಕೊಳ್ಳಿ. ಮನೆಯ 230 ವೋಲ್ಟಿನಲ್ಲಿ ಅದು ಮೂರು ಆಂಪಿಯರ್ ಅಷ್ಟೇ. 12 ವೋಲ್ಟಿನ ಕಡೆ, ಇನ್ವರ್ಟರಿನ ನಷ್ಟವನ್ನೂ ಸೇರಿಸಿದರೆ, ಎಪ್ಪತ್ತು ಆಂಪಿಯರ್ ಆಗುತ್ತದೆ. ಹೋಗಿ ಬರುವ ತಂತಿ ಸೇರಿ ಆರು ಮೀಟರ್. 6 ಸ್ಕ್ವೇರ್ ಎಂಎಂ ತಾಮ್ರದ ಆರು ಮೀಟರಿಗೆ 0.0175 ಓಮ್ ತಡೆ ಇರುತ್ತದೆ. ಎಪ್ಪತ್ತರಿಂದ ಗುಣಿಸಿ: ತಂತಿಯಲ್ಲೇ 1.2 ವೋಲ್ಟ್ ಹೋಯಿತು. ಅಷ್ಟು ಹೊರೆ ಬಿದ್ದಾಗ ಬ್ಯಾಟರಿಯೂ ಅರ್ಧ ವೋಲ್ಟಿನಷ್ಟು ಕುಸಿಯುತ್ತದೆ. ಇನ್ವರ್ಟರಿನ ಬಾಯಿಗೆ ತಲುಪಿದ್ದು 10.4 ವೋಲ್ಟ್ ಮಾತ್ರ. ಬಹಳಷ್ಟು ಇನ್ವರ್ಟರುಗಳು 10.5ಕ್ಕೆ ಇಳಿದರೆ ಬಾಗಿಲು ಮುಚ್ಚುತ್ತವೆ.

ಇನ್ವರ್ಟರನ್ನು ಬ್ಯಾಟರಿಯ ಪಕ್ಕಕ್ಕೆ, ಒಂದು ಮೀಟರಿನೊಳಗೆ ತನ್ನಿ. 25 ಸ್ಕ್ವೇರ್ ಎಂಎಂ ತಂತಿ ಹಾಕಿಸಿ. ತಂತಿಯ ತುದಿಗೆ ಹಾಕುವ ಲೋಹದ ಕೊಂಡಿಯನ್ನು (ಲಗ್) ಸುತ್ತಿಗೆಯಿಂದ ಬಡಿಯಲು ಬಿಡಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಇಕ್ಕಳ ಇರುವವರಿಂದಲೇ ಒತ್ತಿಸಿ. ಆಗ ಅದೇ ಎಪ್ಪತ್ತು ಆಂಪಿಯರಿಗೆ ತಂತಿಯಲ್ಲಿ ಹೋಗುವುದು 0.1 ವೋಲ್ಟ್. ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣಿನೊಳಗೆ ಒಂದು ಫ್ಯೂಸ್ ಇರಲೇಬೇಕು. ವ್ಯಾನ್ ಕುಲುಕುತ್ತದೆ, ತಂತಿಯ ಹೊದಿಕೆ ತಗಡಿಗೆ ಉಜ್ಜಿ ಸವೆಯುತ್ತದೆ. ಫ್ಯೂಸ್ ಇಲ್ಲದಿದ್ದರೆ ಮಲಗಿರುವವರ ಕೆಳಗೇ ಬೆಂಕಿ.

ಇನ್ನು ಆ ಗುಂಯ್ ಸದ್ದು. ನಿಮ್ಮದು ಚೌಕ ಅಲೆಯ ಇನ್ವರ್ಟರ್. ಫ್ಯಾನ್, ದೀಪಕ್ಕೆ ನಡೆಯುತ್ತದೆ, ಕಂಪ್ರೆಸರ್ ಮೋಟಾರು ಮಾತ್ರ ಅದರ ಮೇಲೆ ಒಳಗೊಳಗೇ ಕಾಯುತ್ತದೆ. ಅದನ್ನು ಮನೆಗೆ ಮರಳಿಸಿ, ವ್ಯಾನಿಗೆ 1000 ವ್ಯಾಟಿನ ಪ್ಯೂರ್ ಸೈನ್ ವೇವ್ ತನ್ನಿ. ಕೊಳ್ಳುವಾಗ ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ಏನೂ ಜೋಡಿಸದಿದ್ದಾಗ ಇದು ಎಷ್ಟು ಎಳೆಯುತ್ತದೆ? ಸುಮ್ಮನೆ ಕುಳಿತಿರುವ ಇನ್ವರ್ಟರ್ 17 ವ್ಯಾಟ್ ತಿಂದರೆ ದಿನಕ್ಕೆ 0.4 ಯೂನಿಟ್ ಆಯಿತು. ನೆರಳಿನಲ್ಲಿರುವ ಚಿಕ್ಕ ಫ್ರಿಜ್ಜೇ ದಿನಕ್ಕೆ ಅರ್ಧ ಯೂನಿಟ್ಟಿನಲ್ಲಿ ಬದುಕುತ್ತದೆ.

ಶಹಾಬಾದ್_ಫ್ರಿಜ್_ರಿಪೇರಿ · ಏಪ್ರಿಲ್ 20, ಮಧ್ಯಾಹ್ನ 1:20

ಯಾದಗಿರಿಯವರು ತಂತಿಯ ರೋಗ ಹಿಡಿದರು. ನನ್ನ ಕಿವಿಗೆ ಬಿದ್ದದ್ದು ಇನ್ನೊಂದು ಮಾತು: ಹನ್ನೊಂದರವರೆಗೆ ಕಂಪ್ರೆಸರ್ ನಿಲ್ಲಲೇ ಇಲ್ಲ ಎಂದಿರಿ. ಸರಿಯಾಗಿ ಉಸಿರಾಡುವ ಫ್ರಿಜ್ ಹಾಗೆ ಮಾಡುವುದಿಲ್ಲ. ಸರ್, ನಿಮ್ಮ ಫ್ರಿಜ್ಜಿನ ಬೆನ್ನಿನಲ್ಲಿ ಕಪ್ಪು ಜಾಲರಿ ಹೊರಗೆ ಕಾಣುತ್ತದೆಯೇ? ಅದರ ಸುತ್ತ ಏನಿದೆ?

ಜೇವರ್ಗಿ_ರಸ್ತೆ · ಏಪ್ರಿಲ್ 20, ಮಧ್ಯಾಹ್ನ 2:10

ಹೌದು, ಕಪ್ಪು ಜಾಲರಿ ಇದೆ. ಬಡಗಿಯವರು ಅಲುಗಾಡಬಾರದೆಂದು ಮೂರೂ ಕಡೆ ಪ್ಲೈವುಡ್ ಹಾಕಿ ಬಿಗಿಯಾಗಿ ಕೂರಿಸಿದ್ದಾರೆ. ಎರಡು ಬೆರಳೂ ತೂರುವುದಿಲ್ಲ. ಈಗ ಹೊರಗಿನಿಂದ ಆ ಪ್ಲೈವುಡ್ ಮೇಲೆ ಅಂಗೈ ಇಟ್ಟು ನೋಡಿದೆ, ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು.

ಶಹಾಬಾದ್_ಫ್ರಿಜ್_ರಿಪೇರಿ · ಏಪ್ರಿಲ್ 20, ರಾತ್ರಿ 8:45

ಅಲ್ಲಿಯೇ ಇದೆ ಸರ್. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಬೆನ್ನಿನ ಜಾಲರಿಯಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲಲು ಜಾಗವಿಲ್ಲದಿದ್ದರೆ ಅದೇ ಬಿಸಿ ಮತ್ತೆ ಒಳಗೆ ಬರುತ್ತದೆ, ಕಂಪ್ರೆಸರ್ ಒಂದೇ ಸಮನೆ ದುಡಿಯುತ್ತದೆ, ಬ್ಯಾಟರಿ ಬತ್ತುತ್ತದೆ. ನೀವು ಎಷ್ಟೇ ಬ್ಯಾಟರಿ ಕೂಡಿಸಿ, ಆ ಪ್ಲೈವುಡ್ ಪೆಟ್ಟಿಗೆ ಎಲ್ಲವನ್ನೂ ನುಂಗುತ್ತದೆ.

ಫ್ರಿಜ್ಜಿನ ಹಿಂಬದಿಯ ತಗಡಿನ ಪಟ್ಟಿಯ ಮೇಲೆ ಹವಾಮಾನ ವರ್ಗ ಎಂದು ಒಂದು ಅಕ್ಷರ ಬರೆದಿರುತ್ತಾರೆ. ಎನ್ ಎಂದಿದ್ದರೆ ಸುತ್ತಲಿನ ಗಾಳಿ 32 ಡಿಗ್ರಿ ಇರುವವರೆಗೆ, ಎಸ್‌ಟಿ ಎಂದಿದ್ದರೆ 38, ಟಿ ಎಂದಿದ್ದರೆ 43 ಡಿಗ್ರಿಯವರೆಗೆ ಅದು ಹೇಳಿದ ಕೆಲಸ ಮಾಡುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗಿನ ನೆರಳಿನಲ್ಲೇ 43, 44 ಆಗುತ್ತದೆ. ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ವ್ಯಾನಿನ ಒಳಗೆ ಐವತ್ತು ದಾಟುತ್ತದೆ. ಟಿ ವರ್ಗದ ಫ್ರಿಜ್ಜಿಗೂ ಅದು ಮೀರಿದ ಮಾತು. ಸ್ಟಾರ್ ಲೇಬಲ್ಲಿನ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದದ್ದು ಪ್ರಯೋಗಾಲಯದ ಹದವಾದ ಗಾಳಿಯ ಲೆಕ್ಕ. ನಮ್ಮ ವ್ಯಾನಿನ ಲೆಕ್ಕವನ್ನು ನಾವೇ ಅಳೆದುಕೊಳ್ಳಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಹಿಂದಿನ ಪ್ಲೈವುಡ್ ಪೂರ್ತಿ ತೆಗೆಸಿ ಜಾಲರಿಯ ಹಿಂದೆ ಅಂಗೈ ಅಗಲದ ಜಾಗ ಬಿಡುವುದು. ಕೆಳಗೆ ವ್ಯಾನಿನ ನೆಲದಲ್ಲಿ ಒಂದು ಗಾಳಿಕಿಂಡಿ, ಮೇಲೆ ಪಕ್ಕದ ತಗಡಿನಲ್ಲಿ ಇನ್ನೊಂದು, ಎರಡಕ್ಕೂ ಇಲಿ ನುಗ್ಗದ ಜಾಲರಿ. ಕೆಳಗಿನಿಂದ ನೆರಳಿನ ಗಾಳಿ ಬರಬೇಕು, ಮೇಲಿನಿಂದ ಬಿಸಿ ಹೋಗಬೇಕು. ಮೇಲಿನ ಕಿಂಡಿಯಲ್ಲಿ ಕಂಪ್ಯೂಟರಿನೊಳಗೆ ಇರುವಂಥ ಚಿಕ್ಕ 12 ವೋಲ್ಟ್ ಫ್ಯಾನ್ ಕೂರಿಸಿ, ಅದು ತಿನ್ನುವುದು ಎರಡು ಮೂರು ವ್ಯಾಟ್ ಮಾತ್ರ. ಈಗಿನ ಹೊಸ ಫ್ರಿಜ್‌ಗಳಲ್ಲಿ ಜಾಲರಿ ಪಕ್ಕದ ಗೋಡೆಗಳೊಳಗೆ ಅಡಗಿರುತ್ತದೆ. ಅಂಥದ್ದು ಇರುವವರು ಎರಡೂ ಪಕ್ಕದಲ್ಲಿ ಜಾಗ ಬಿಡಬೇಕು.

ಅಲುಗಾಟಕ್ಕೆ ಪ್ಲೈವುಡ್ ಬೇಡ. ಅಡಿಯಲ್ಲಿ ದಪ್ಪ ರಬ್ಬರ್ ಹಾಳೆ ಹಾಸಿ, ಎದೆಮಟ್ಟದಲ್ಲಿ ಒಂದು ಅಗಲವಾದ ಬೆಲ್ಟ್ ಕಟ್ಟಿ, ಬಾಗಿಲಿಗೆ ಹೊರಗಿನಿಂದ ಕೊಕ್ಕೆ ಹಾಕಿಸಿ. ಕಂಪ್ರೆಸರ್ ತನ್ನ ಕವಚದೊಳಗೆ ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ, ಡಾಂಬರು ರಸ್ತೆಯ ಕುಲುಕಾಟವನ್ನು ತಡೆಯುತ್ತದೆ. ತಡೆಯದೇ ಇರುವುದು ಅದರಿಂದ ಹೊರಡುವ ತೆಳು ತಾಮ್ರದ ಕೊಳವೆ. ಅದು ತಗಡಿಗೆ ತಾಗದಂತೆ ನೋಡಿಕೊಳ್ಳಿ. ಬಾಗಿಲಿನ ರಬ್ಬರಿನ ನಡುವೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸುವ ಕಾಲ ಬಂದಿದೆ.

ಬೀದರ್_ಔಷಧ_ಅಂಗಡಿ · ಏಪ್ರಿಲ್ 20, ರಾತ್ರಿ 9:30

ಸರ್, ಎಲ್ಲರೂ ಫ್ರಿಜ್ಜಿನ ಬಗ್ಗೆ ಹೇಳುತ್ತಿದ್ದಾರೆ. ನಾನು ಅಮ್ಮನವರ ಇನ್ಸುಲಿನ್ ಬಗ್ಗೆ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಔಷಧ ಅಂಗಡಿಯಲ್ಲಿದ್ದೇನೆ. ಬಿಸಿಗಿಂತ ಮಂಜಿನಿಂದ ಕೆಟ್ಟ ಇನ್ಸುಲಿನ್ನನ್ನೇ ಜನ ಹೆಚ್ಚು ತಂದು ತೋರಿಸುತ್ತಾರೆ.

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಒಂದು ಸಲ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸಬಾರದು, ಎಸೆಯಬೇಕು. ಒಂದೇ ಬಾಗಿಲಿನ ಫ್ರಿಜ್‌ಗಳಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆ ಮತ್ತು ಹಿಂಗೋಡೆ ಸೊನ್ನೆಯ ಹತ್ತಿರಕ್ಕೆ ಹೋಗುತ್ತವೆ. ಇನ್ಸುಲಿನ್ನನ್ನು ಅದರದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳವಿರುವ ಡಬ್ಬಿಗೆ ಹಾಕಿ, ನಡುವಿನ ತಟ್ಟೆಯಲ್ಲಿ ಮುಂಭಾಗಕ್ಕೆ ಇಡಿ. ಅದೇ ಡಬ್ಬಿಯೊಳಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಇರಲಿ. ರಾತ್ರಿ ನೀವು ಮಲಗಿದ್ದಾಗ ಏನಾಯಿತೆಂದು ಬೆಳಗ್ಗೆ ಅದು ಹೇಳುತ್ತದೆ.

ಬಳಕೆಯಲ್ಲಿರುವ ಬಾಟಲಿಗೆ ಫ್ರಿಜ್ ಬೇಕೆಂದೇ ಇಲ್ಲ. ಸಾಮಾನ್ಯವಾಗಿ ನಾಲ್ಕು ವಾರ, 25ರಿಂದ 30 ಡಿಗ್ರಿ ಮೀರದ ಜಾಗದಲ್ಲಿ ಇರಬಹುದು. ಒಂದೊಂದು ಬಗೆಗೆ ಒಂದೊಂದು ಮಿತಿ ಇರುವುದರಿಂದ ಪೆಟ್ಟಿಗೆಯೊಳಗಿನ ಕಾಗದ ಓದಿ. ನಮ್ಮ ಬೇಸಿಗೆಯಲ್ಲಿ ಆ 30 ಡಿಗ್ರಿ ಸಿಗುವುದೇ ಕಷ್ಟವಲ್ಲವೇ? ಅದಕ್ಕೆ ಹಿರಿಯರ ದಾರಿಯೇ ಇದೆ. ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಚಿಕ್ಕ ಕುಡಿಕೆ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ. ನಮ್ಮ ಒಣಗಾಳಿಯಲ್ಲಿ ಒಳಗಿನ ಬಿಸಿ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ. ಬ್ಯಾಟರಿ ಕೈಕೊಟ್ಟ ದಿನವೂ ಅಮ್ಮನವರ ಔಷಧ ಉಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ತೇವವಾಗಿರುವಾಗ ಮಾತ್ರ ಇದನ್ನು ನಂಬಬೇಡಿ.

ಚಿಂಚೋಳಿ_ಕಾಡುದಾರಿ · ಏಪ್ರಿಲ್ 21, ಬೆಳಗ್ಗೆ 6:50

ಇಷ್ಟೆಲ್ಲ ತೊಂದರೆ ಏಕೆ ಎಂದು ಕೇಳಬೇಕೆನಿಸಿತು. ನಾನು ಜೀಪಿನಲ್ಲಿ 12 ವೋಲ್ಟಿನಲ್ಲೇ ನಡೆಯುವ ಮೇಲ್ಬಾಗಿಲಿನ ಫ್ರಿಜ್ ಇಟ್ಟುಕೊಂಡಿದ್ದೇನೆ. ಒಳಗಿರುವುದು ಹಿಂದೆ ಡ್ಯಾನ್‌ಫಾಸ್, ಈಗ ಸೆಕಾಪ್ ಎಂಬ ಹೆಸರಿನಲ್ಲಿ ಬರುವ ನೇರ ವಿದ್ಯುತ್ತಿನ ಕಂಪ್ರೆಸರ್. ಇನ್ವರ್ಟರೇ ಬೇಡ, ಶುರುವಾಗುವಾಗಿನ ಜಗ್ಗಾಟವೂ ಇಲ್ಲ. ತಂಪು ಗಾಳಿ ಭಾರ, ಮೇಲಿನಿಂದ ಮುಚ್ಚಳ ತೆರೆದರೆ ಅದು ಅಲ್ಲೇ ಕುಳಿತಿರುತ್ತದೆ. ನಿಂತ ಫ್ರಿಜ್ಜಿನ ಬಾಗಿಲು ತೆರೆದರೆ ಕಾಲ ಮೇಲೆ ಸುರಿದು ಹೋಗುತ್ತದೆ. ಚಂದ್ರಂಪಳ್ಳಿ ಜಲಾಶಯದ ಬಳಿಗೆ ಎಷ್ಟೋ ಸಲ ಅದರ ಜೊತೆ ಹೋಗಿ ಬಂದಿದ್ದೇನೆ, ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ಯಾದಗಿರಿ_ವೈಂಡಿಂಗ್ · ಏಪ್ರಿಲ್ 21, ಬೆಳಗ್ಗೆ 8:00

ಚಿಂಚೋಳಿ ಅಣ್ಣನ ಮಾತು ನೂರಕ್ಕೆ ನೂರು ಸರಿ. ಹೊಸದಾಗಿ ಕೊಳ್ಳುವವರಾದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಾಲ್ಕನೆಯ ಒಂದು ಭಾಗ ಜಾಗಕ್ಕೆ ಮನೆಯ ಫ್ರಿಜ್ಜಿನ ಎರಡು ಮೂರು ಪಟ್ಟು ಬೆಲೆ. ಗುರುಗಳ ಬಳಿ ಫ್ರಿಜ್ ಈಗಾಗಲೇ ಇದೆ. ಇರುವುದನ್ನು ಸರಿಯಾಗಿ ನಡೆಸುವ ದಾರಿಯಿದ್ದಾಗ ಪಿಂಚಣಿಯ ದುಡ್ಡನ್ನು ಮತ್ತೊಂದಕ್ಕೆ ಸುರಿಯಿರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಚಿಂಚೋಳಿ_ಕಾಡುದಾರಿ · ಏಪ್ರಿಲ್ 21, ಬೆಳಗ್ಗೆ 8:20

ಒಪ್ಪಿದೆ. ಇವರು ನಡುವಯಸ್ಸಿನವರ ಹಾಗೆ ತಿಂಗಳಿಗೊಮ್ಮೆ ಕಾಡಿಗೆ ಓಡುವವರಲ್ಲ ಎಂಬುದನ್ನು ನಾನು ಯೋಚಿಸಲಿಲ್ಲ. ಮಜ್ಜಿಗೆ, ತರಕಾರಿ, ರೊಟ್ಟಿಯ ಹಿಟ್ಟು ಎಲ್ಲವನ್ನೂ ಇಡಲು ಅಮ್ಮನವರಿಗೆ ದೊಡ್ಡದೇ ಬೇಕಾಗುತ್ತದೆ.

ಸೇಡಂ_ಓದುಗ · ಏಪ್ರಿಲ್ 21, ಬೆಳಗ್ಗೆ 10:10

ಅಡುಗೆ ಗ್ಯಾಸಿನಲ್ಲಿ ನಡೆಯುವ ಫ್ರಿಜ್ ವಿದೇಶದ ಮನೆವಾಹನಗಳಲ್ಲಿ ಇರುತ್ತದೆಂದು ಓದಿದ್ದೇನೆ. ಬ್ಯಾಟರಿಯ ಗೊಡವೆಯೇ ಬೇಡವಲ್ಲ?

ಶಹಾಬಾದ್_ಫ್ರಿಜ್_ರಿಪೇರಿ · ಏಪ್ರಿಲ್ 21, ಮಧ್ಯಾಹ್ನ 12:30

ಇದೆ. 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದ ವಿಧಾನ ಅದು. ಅಲುಗಾಡುವ ಭಾಗವೇ ಇಲ್ಲ, ಉರಿಯ ಬಿಸಿಯಿಂದಲೇ ತಂಪು ಬರುತ್ತದೆ. ತಂಪು ದೇಶಕ್ಕೆ ಒಳ್ಳೆಯದು. ನಮ್ಮ 43 ಡಿಗ್ರಿಯಲ್ಲಿ ಅದರ ಶಕ್ತಿ ಸೋರಿಹೋಗುತ್ತದೆ. ವ್ಯಾನ್ ಸಮತಟ್ಟಾಗಿ ನಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಜ್ವಾಲೆ ಬೇಡವೇ ಬೇಡ.

ಹುಮನಾಬಾದ್_ಗ್ಯಾರೇಜ್ · ಏಪ್ರಿಲ್ 21, ರಾತ್ರಿ 8:15

ಸರ್, ಬ್ಯಾಟರಿಯಿಂದ ತೆಗೆಯುವುದರ ಬಗ್ಗೆಯೇ ಮಾತಾಯಿತು, ತುಂಬುವುದು ಹೇಗೆ? ಎಂಜಿನ್ನಿನ ಆಲ್ಟರ್ನೇಟರಿನಿಂದ ನೇರವಾಗಿ ತಂತಿ ಎಳೆದು ಮನೆಬ್ಯಾಟರಿಗೆ ಕಟ್ಟಿಸಬೇಡಿ. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 30 ಆಂಪಿಯರಿನದಾದರೆ ಗಂಟೆಗೆ ಸುಮಾರು 0.38 ಯೂನಿಟ್ ತುಂಬುತ್ತದೆ. ಕಲಬುರಗಿಯಿಂದ ನಮ್ಮ ಹುಮನಾಬಾದ್ ದಾಟಿ ಬೀದರಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಇಳಿಯುವಷ್ಟರಲ್ಲಿ ಒಂದು ಯೂನಿಟ್ಟಿನ ಹತ್ತಿರ ತುಂಬಿರುತ್ತದೆ. ಎಂಜಿನ್ ನಿಂತಾಗ ಅದು ಎರಡು ಬ್ಯಾಟರಿಗಳನ್ನು ಬೇರ್ಪಡಿಸುವುದರಿಂದ ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆಯೂ ಇಲ್ಲ.

ಮುಂದೆ ಲಿಥಿಯಂ ಬ್ಯಾಟರಿಗೆ ಹೋಗುವ ಯೋಚನೆ ಇದ್ದರೆ ಈ ಚಾರ್ಜರ್ ಇನ್ನೂ ಮುಖ್ಯ. ಲಿಥಿಯಂ ಎಷ್ಟು ಕೊಟ್ಟರೂ ಕುಡಿಯುತ್ತದೆ, ತಡೆಯುವವರಿಲ್ಲದಿದ್ದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳಲಿಲ್ಲ. ನಿಮ್ಮ ಟ್ಯೂಬುಲರ್ ಬ್ಯಾಟರಿ ಡಿಸ್ಟಿಲ್ಡ್ ವಾಟರ್ ಹಾಕುವ ಬಗೆಯದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಅದು ನೀವು ಮಲಗುವ ಮಂಚದ ಕೆಳಗಿದೆ! ಗಾಳಿ ಹೊರಹೋಗದ ಜಾಗದಲ್ಲಿ ಹೈಡ್ರೋಜನ್ ತುಂಬಿ ಒಂದು ಕಿಡಿ ಹಾರಿದರೆ ಸಾಕು. ಮುಚ್ಚಳದ ಪೆಟ್ಟಿಗೆ ಮಾಡಿಸಿ, ಪೆಟ್ಟಿಗೆಯ ಮೇಲ್ಭಾಗದಿಂದ ಒಂದು ಕೊಳವೆಯನ್ನು ವ್ಯಾನಿನ ಹೊರಗೆ ಬಿಡಿ, ಕೆಳಗಡೆ ಗಾಳಿ ಬರಲು ಇನ್ನೊಂದು ತೂತು ಇರಲಿ. ಇದನ್ನು ಮಾಡದೆ ದಯವಿಟ್ಟು ಒಂದು ರಾತ್ರಿಯೂ ಅಲ್ಲಿ ಮಲಗಬೇಡಿ.

ಜೇವರ್ಗಿ_ರಸ್ತೆ · ಏಪ್ರಿಲ್ 22, ಬೆಳಗ್ಗೆ 6:30

ಹುಮನಾಬಾದಿನವರ ಮಾತು ಓದಿದ ಕೂಡಲೇ ರಾತ್ರಿಯೇ ವ್ಯಾನಿನ ಹಿಂಬಾಗಿಲು ತೆರೆದಿಟ್ಟು ಬಂದೆ. ಮನೆಯವರಿಗೆ ಓದಿ ಹೇಳಿದೆ, ನಿಮ್ಮೆಲ್ಲರನ್ನೂ ಹರಸಿದರು. ಅವರೇ ಒಂದು ಸಂಗತಿ ನೆನಪಿಸಿದರು: ವ್ಯಾನಿನಲ್ಲಿ ಒದ್ದೆ ಕೈಯಿಂದ ಫ್ರಿಜ್ಜಿನ ಹಿಡಿಕೆ ಮುಟ್ಟಿದರೆ ಜುಮ್ ಎನ್ನುತ್ತದೆಯಂತೆ. ಮನೆಯಲ್ಲಿ ಹಾಗೆ ಆಗುತ್ತಿರಲಿಲ್ಲ.

ಯಾದಗಿರಿ_ವೈಂಡಿಂಗ್ · ಏಪ್ರಿಲ್ 22, ಬೆಳಗ್ಗೆ 7:05

ಗುರುಗಳೇ, ಸರಿಪಡಿಸುವವರೆಗೆ ಅಮ್ಮನವರು ಅದನ್ನು ಮುಟ್ಟುವುದು ಬೇಡ. ಮನೆಯ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರುತ್ತದೆ. ವ್ಯಾನ್ ರಬ್ಬರ್ ಗಾಲಿಗಳ ಮೇಲೆ ನಿಂತಿದೆ, ಇನ್ವರ್ಟರಿನ ಮೂರನೆಯ ಪಿನ್ನು ಎಲ್ಲಿಗೂ ಸೇರಿಲ್ಲ. ಫ್ರಿಜ್ಜಿನ ಹೊರಕವಚ, ಇನ್ವರ್ಟರಿನ ಹೊರಕವಚ, ವ್ಯಾನಿನ ಚಾಸಿ, ಈ ಮೂರನ್ನೂ ಹಸಿರು ತಂತಿಯಿಂದ ಒಂದುಗೂಡಿಸಬೇಕು. ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್ಚನ್ನು, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು. ಆದರೆ ಇನ್ವರ್ಟರಿನ ಒಳಗಿನ ನ್ಯೂಟ್ರಲ್ ಹೇಗಿದೆ ಎಂಬುದರ ಮೇಲೆ ಅದು ಕೆಲಸ ಮಾಡುವುದು ನಿಂತಿದೆ. ಇದನ್ನು ಓದಿಕೊಂಡು ನೀವೇ ಮಾಡಬೇಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಹೊಸ ಇನ್ವರ್ಟರ್ ಬಂದ ದಿನ ಹೇಳಿ, ನಾನೇ ಬೆಳಗಿನ ರೈಲಿಗೆ ಬರುತ್ತೇನೆ.

ಸೇಡಂ_ಸೋಲಾರ್ · ಏಪ್ರಿಲ್ 22, ಸಂಜೆ 5:40

ಮಾಡಿನ ಮೇಲೆ ಜಾಗವಿದ್ದರೆ 330 ವ್ಯಾಟಿನ ಒಂದು ಸೋಲಾರ್ ಫಲಕ ಸಾಕು ಸರ್. ನಮ್ಮ ಭಾಗದಲ್ಲಿ ಬೇಸಿಗೆಯ ದಿನಕ್ಕೆ ಪೂರ್ಣ ಬಿಸಿಲಿನ ಐದು ಗಂಟೆಯ ಲೆಕ್ಕ ಹಿಡಿಯಬಹುದು. ಕಾಗದದ ಮೇಲೆ 1.6 ಯೂನಿಟ್ ಆಗುತ್ತದೆ, ಕೈಗೆ ಬರುವುದು ಒಂದು, ಒಂದೂ ಕಾಲು. ಫಲಕ ಬಿಸಿಯಾದಷ್ಟೂ ಶಕ್ತಿ ಇಳಿಯುತ್ತದೆ. 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ನೂರಕ್ಕೆ ಕಾಲಕ್ಕಿಂತ ಸ್ವಲ್ಪ ಹೆಚ್ಚು, ಕೆಲವಕ್ಕೆ 0.4ರವರೆಗೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಫಲಕ 65 ದಾಟುತ್ತದೆ. ಹಾಗಾಗಿ ತಗಡಿಗೆ ಅಂಟಿಸಬೇಡಿ, ನಾಲ್ಕು ಬೆರಳು ಎತ್ತರಿಸಿ ಕೂರಿಸಿ. ಅದರ ನೆರಳಿನಿಂದ ವ್ಯಾನಿನ ಮಾಡೂ ತಂಪಾಗುತ್ತದೆ. ಫಲಕವಿರುವ ಜಾಗದ ಕೆಳಗೇ ಫ್ರಿಜ್ ಬರುವಂತೆ ಮಾಡಿದರೆ ಎರಡು ಲಾಭ.

ಜೇವರ್ಗಿ_ರಸ್ತೆ · ಮೇ 6, ರಾತ್ರಿ 8:00

ಎರಡು ವಾರ ಕೆಲಸ ಹಿಡಿಯಿತು. ಯಾದಗಿರಿಯವರು ಹೇಳಿದಂತೆ ಬಂದರು, ಮಧ್ಯಾಹ್ನ ಊಟಕ್ಕೆ ಕುಳಿತದ್ದು ಬಿಟ್ಟರೆ ಸಂಜೆಯವರೆಗೆ ವ್ಯಾನಿನಿಂದ ಇಳಿಯಲಿಲ್ಲ. ಕೂಲಿ ಎಂದು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಅವರ ತಂದೆಯವರು ನಾನಿದ್ದ ಶಾಲೆಯಲ್ಲೇ ಜವಾನರಾಗಿದ್ದರೆಂದು ಹೋಗುವಾಗ ಹೇಳಿದರು. ನನಗೆ ಮಾತೇ ಹೊರಡಲಿಲ್ಲ.

ಪ್ಲಗ್ಗಿಗೆ ಹಾಕುವ ಯೂನಿಟ್ ಮೀಟರ್ ತಂದು ಒಂದೊಂದು ದಿನ ಪೂರ್ತಿ ಅಳೆದ ಲೆಕ್ಕ ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಇದ್ದಾಗ ಇದೇ ಫ್ರಿಜ್ 0.78 ಯೂನಿಟ್. ವ್ಯಾನಿನಲ್ಲಿ ಪ್ಲೈವುಡ್ ಪೆಟ್ಟಿಗೆಯೊಳಗೆ, ಬಿಸಿಲಿನಲ್ಲಿ ನಿಂತಾಗ 1.62. ಪ್ಲೈವುಡ್ ತೆಗೆಸಿ, ಕಿಂಡಿ ಮತ್ತು ಫ್ಯಾನ್ ಹಾಕಿ, ಬೇವಿನ ಮರದ ಕೆಳಗೆ ನಿಲ್ಲಿಸಿದಾಗ 0.96. ಬ್ಯಾಟರಿ ಅದೇ, ಫ್ರಿಜ್ ಅದೇ! ಹಳೆಯ ಇನ್ವರ್ಟರ್ ಸುಮ್ಮನೆ 17 ವ್ಯಾಟ್ ಎಳೆಯುತ್ತಿತ್ತು, ಹೊಸದು 8 ಎಳೆಯುತ್ತದೆ. ಗುಂಯ್ ಸದ್ದೂ ಇಲ್ಲ, ಹಿಡಿಕೆಯ ಜುಮ್ ಕೂಡ ಇಲ್ಲ.

ಶಹಾಬಾದಿನವರು ಫೋನಿನಲ್ಲಿ ಇನ್ನೊಂದು ಉಪಾಯ ಹೇಳಿದರು, ಎಲ್ಲರಿಗೂ ಉಪಯೋಗವಾದೀತು. ಹಗಲು ಸೋಲಾರ್ ಬರುವಾಗ ಐಸ್ ಪೆಟ್ಟಿಗೆಯಲ್ಲಿ ಒಂದೊಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು, ಮುಕ್ಕಾಲು ತುಂಬಿ, ಗಟ್ಟಿ ಮಾಡಿಕೊಳ್ಳುವುದು. ಒಂದು ಲೀಟರ್ ನೀರು ಮಂಜಾಗಿ ಮತ್ತೆ ಕರಗುವಾಗ 93 ವ್ಯಾಟ್-ಗಂಟೆಯಷ್ಟು ಬಿಸಿಯನ್ನು ಹೀರುತ್ತದೆ. ನಾಲ್ಕರಲ್ಲಿ ಮುಕ್ಕಾಲು ಎಂದರೂ 280 ಆಯಿತು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಫ್ರಿಜ್ಜನ್ನು ಪೂರ್ತಿ ಆರಿಸಿದರೂ ಒಳಗೆ 7 ಡಿಗ್ರಿ ದಾಟಲಿಲ್ಲ. ಬಾಗಿಲು ತೆರೆಯಬಾರದು ಅಷ್ಟೇ.

ಬೀದರ್_ಔಷಧ_ಅಂಗಡಿ · ಮೇ 6, ರಾತ್ರಿ 8:40

ಕೇಳಿ ಬಹಳ ಸಂತೋಷವಾಯಿತು ಸರ್. ಆ 7 ಡಿಗ್ರಿ ಎಲ್ಲಿ ಅಳೆದದ್ದು? ಕನಿಷ್ಠ ಎಷ್ಟು ತೋರಿಸಿತು? ಬಾಟಲಿ ಗಟ್ಟಿಯಾಗುವಾಗ ಕೆಳಗಿನ ತಟ್ಟೆ ತೀರಾ ತಣ್ಣಗಾಗುತ್ತದೆ.

ಜೇವರ್ಗಿ_ರಸ್ತೆ · ಮೇ 6, ರಾತ್ರಿ 9:00

ಇನ್ಸುಲಿನ್ ಡಬ್ಬಿಯೊಳಗೇ ಅಳೆದದ್ದು ಅಕ್ಕಾವ್ರೇ. ಮೊದಲ ದಿನ ಕನಿಷ್ಠ 1.4 ತೋರಿಸಿತು. ಎದೆ ಧಸಕ್ಕೆಂದಿತು. ಆ ದಿನ ಡಬ್ಬಿಯಲ್ಲಿ ಖಾಲಿ ಬಾಟಲಿ ಇಟ್ಟು ಪರೀಕ್ಷಿಸಿದ್ದು ಒಳ್ಳೆಯದಾಯಿತು. ಒಂದು ತಟ್ಟೆ ಕೆಳಗಿಳಿಸಿ ಸುತ್ತ ಒಂದು ಟವಲ್ ಸುತ್ತಿದೆ. ಈಗ ನಾಲ್ಕು ದಿನದಿಂದ 3.2 ಮತ್ತು 7ರ ನಡುವೆ ಇದೆ.

ಜೇವರ್ಗಿ_ರಸ್ತೆ · ಮೇ 11, ಬೆಳಗ್ಗೆ 6:20

ಬೀದರಿನಿಂದ ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಬಂದೆವು. ಹುಮನಾಬಾದ್ ದಾಟಿ ಕೆಂಪು ಕಲ್ಲಿನ ಎತ್ತರಕ್ಕೆ ಏರುತ್ತಿದ್ದಂತೆ ಗಾಳಿಯ ಬಿಸಿ ಇಳಿದದ್ದು ಮುಖಕ್ಕೇ ತಿಳಿಯಿತು. ಸಂಜೆ ಮನೆಯವರ ಜೊತೆ ಕೋಟೆಯೊಳಗೆ ನಿಧಾನವಾಗಿ ನಡೆದು, ಹದಿನಾರು ಕಂಬದ ಮಸೀದಿಯ ನೆರಳಿನಲ್ಲಿ ಕುಳಿತು, ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಹೇಳಿದ್ದನ್ನು ಅವರಿಗೆ ಹೇಳಿದೆ.

ರಾತ್ರಿಯಿಡೀ ಫ್ರಿಜ್ ಆರಿಸಲಿಲ್ಲ, ಪರೀಕ್ಷಿಸಬೇಕಿತ್ತು. ಸಂಜೆ ಆರಕ್ಕೆ ಬ್ಯಾಟರಿ 12.7 ಇತ್ತು. ಈಗ, ಫ್ರಿಜ್ ನಡೆಯುತ್ತಿರುವಾಗಲೇ, 12.2. ಟಕ್ ಎಂದಾಗ 11.9ಕ್ಕೆ ಇಳಿದು ತಕ್ಷಣ ಮೇಲೇರುತ್ತದೆ. ಬಲ್ಬು ಮಂಕಾಗುವುದಿಲ್ಲ. ಡಬ್ಬಿಯಲ್ಲಿ 4.1 ಡಿಗ್ರಿ. ಮನೆಯವರು ಈಗಷ್ಟೇ ಮಜ್ಜಿಗೆ ತೆಗೆದು ಕೊಟ್ಟರು, ಲೋಟದ ಹೊರಗೆ ಹನಿ ಕಟ್ಟಿದೆ.

ಇವತ್ತು ನರಸಿಂಹ ಝರಣಿ, ನಾಳೆ ಬಸವಕಲ್ಯಾಣ. ಅಲ್ಲಿ ಮಧ್ಯಾಹ್ನ ವ್ಯಾನ್ ನಿಲ್ಲಿಸಲು ನೆರಳಿರುವ ಜಾಗ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಶಹಾಬಾದ್_ಫ್ರಿಜ್_ರಿಪೇರಿ · ಮೇ 11, ಬೆಳಗ್ಗೆ 7:30

ನೆರಳಿನ ಜಾಗ ಅಲ್ಲಿನವರು ಹೇಳಲಿ ಸರ್. ಎಲ್ಲಿಯೇ ನಿಂತರೂ ಫ್ರಿಜ್ ಇರುವ ಪಕ್ಕ ಉತ್ತರಕ್ಕೋ ಪೂರ್ವಕ್ಕೋ ಬರುವಂತೆ ತಿರುಗಿಸಿ ನಿಲ್ಲಿಸಿ, ಮಧ್ಯಾಹ್ನದ ಮೇಲಿನ ಬಿಸಿಲು ಕಿಂಡಿಗೆ ಬೀಳಬಾರದು. ಊರಿಗೆ ಮರಳಿದ ಮೇಲೆ ಬೆಲ್ಟ್ ಸಡಿಲಿಸಿ, ಬೆನ್ನಿನ ಜಾಲರಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒಮ್ಮೆ ಒರೆಸಿ. ನಮ್ಮ ರಸ್ತೆಯ ಕರಿಮಣ್ಣಿನ ಧೂಳು ಕೆಳಗಿನ ಕಿಂಡಿಯಿಂದಲೇ ಬರುವುದು.

ಬಸವಕಲ್ಯಾಣ_ಬೇಕರಿ · ಮೇ 11, ಬೆಳಗ್ಗೆ 8:10

ಸರ್, ನಮ್ಮ ಬೇಕರಿಯ ಹಿಂದೆ ಎರಡು ದೊಡ್ಡ ಹುಣಸೆ ಮರಗಳಿವೆ, ಲಾರಿ ನಿಲ್ಲುವಷ್ಟು ಜಾಗವಿದೆ. ಊರೊಳಗೆ ಬಂದಾಗ ಇಲ್ಲಿ ಒಂದು ಸಂದೇಶ ಹಾಕಿ, ಹುಡುಗನನ್ನು ಬಸ್ ನಿಲ್ದಾಣದ ಬಳಿಗೆ ಕಳುಹಿಸುತ್ತೇನೆ. ಊಟ ನಮ್ಮ ಮನೆಯಲ್ಲೇ.